ಗೋಡೆಯಾಚೆಯ ರೇಡಿಯೋ

ಮಹಾದೇವಮ್ಮ ಚಿಕ್ಕ ವಯಸ್ಸಿಗೇ ಮದುವೆಯಾಗಿ ಉಡುತಡಿಗೆ ಬಂದಾಗ ಅವಳಿಗೆ ರೊಟ್ಟಿ ತಟ್ಟಲು ಕಲಿಸಿದವಳು, ತವರು ನೆನೆದು ಅತ್ತಾಗ ಪಕ್ಕದಲ್ಲಿ ಮಲಗಿಸಿಕೊಂಡವಳು ಹಿರಿಯ ವಾರಗಿತ್ತಿ ರಾಜೇಶ್ವರಮ್ಮ. ಮುಂದೆ ಅಣ್ಣತಮ್ಮಂದಿರು ಕಾಲುವೆ ನೀರಿನ ಸರದಿಗೆ ಜಗಳವಾಡಿ ಬೇರೆಯಾದರು. ಮನೆಯ ನಡುವೆ ಒಂದಿಟ್ಟಿಗೆಯ ಗೋಡೆ ಎದ್ದಿತು. ಕರೆಂಟು ಅಣ್ಣ ಮಲ್ಲೇಶಪ್ಪನ ಪಾಲಿಗೆ ಹೋಯಿತು. ತಮ್ಮ ಶಿವಮೂರ್ತಪ್ಪ, ಅಂದರೆ ಮಹಾದೇವಮ್ಮನ ಗಂಡ, ಲಾಟೀನು ಹಚ್ಚಿದ. ಆ ಮನೆಯ ಹೊಸ್ತಿಲು ತುಳಿಯಕೂಡದು ಎಂದ. ಅವಳು ತುಳಿಯಲಿಲ್ಲ. ಆದರೆ ಗೋಡೆಯಾಚೆ ಬಳೆ ಸದ್ದಾದರೆ ಒಲೆಯ ಮುಂದೆ ಅವಳ ಕೈ ನಿಂತುಬಿಡುತ್ತಿತ್ತು.

ಎಪ್ಪತ್ತಮೂರರಲ್ಲಿ ಮಲ್ಲೇಶಪ್ಪ ರೇಡಿಯೋ ತಂದ. ಅದಕ್ಕೊಂದು ಪ್ಲಗ್ ಪಾಯಿಂಟ್ ಕೂರಿಸಲು ಶಿಕಾರಿಪುರದಿಂದ ವೈರ್‌ಮನ್ ಪೀರ್ ಸಾಬ್ ಬಂದರು. ಮೇನ್ ಸ್ವಿಚ್ ಆರಿಸಿ, ನಡುಗೋಡೆಯನ್ನು ಉಳಿಯಿಂದ ಕೊರೆದು ಪೈಪು ಹುದುಗಿಸಿ, ಅದರೊಳಗೆ ವೈರು ಎಳೆದರು. ಕೊನೆಗೆ ಪ್ಲಗ್ಗಿನ ಮರದ ಪೆಟ್ಟಿಗೆಗೆ ಗುಂಡಿ ತೋಡುವಾಗ ಇಟ್ಟಿಗೆಯೊಂದು ಕಳಚಿ ಮಹಾದೇವಮ್ಮನ ಅಡುಗೆಮನೆಯೊಳಕ್ಕೆ ಬಿತ್ತು.

ಧೂಳು ಇಳಿದಾಗ ತೂತಿನಾಚೆ ರಾಜೇಶ್ವರಮ್ಮನ ಮುಖ ಕಂಡಿತು. ಕೂದಲು ಬೆಳ್ಳಗಾಗಿತ್ತು.

“ಏಟಾತೇನೇ ಮಾದೇವಿ?”

“ಇಲ್ಲಕ್ಕ.”

“ಎಷ್ಟು ಸೊರಗೀಯೇ.”

ಮಹಾದೇವಮ್ಮ ಎದ್ದು ಬಂದಳು. ತೂತಿನೊಳಗೆ ಕೈ ಚಾಚಿದಳು. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಸಿಮೆಂಟ್ ಕಲಸ್ಕೊಂಡು ಬರ್ತೀನ್ರೀ,” ಎಂದು ಹಿತ್ತಲಿಗೆ ಹೋದ ಪೀರ್ ಸಾಬ್ ಬಹಳ ಹೊತ್ತು ಬರಲೇ ಇಲ್ಲ.

ಗಂಡಸರು ಗದ್ದೆಯಿಂದ ಬರುವ ಮೊದಲು ತೂತು ಮುಚ್ಚಿತ್ತು.

ಮರುದಿನದಿಂದ ಬೆಳಗಿನ ವಚನಗಳು ಗೋಡೆ ದಾಟಿ ಜೋರಾಗಿ ಕೇಳತೊಡಗಿದವು. ಸುಮ್ಮಸುಮ್ಮನೆ ಅಷ್ಟು ಸದ್ದು ಮಾಡುವವಳಲ್ಲ ಅಕ್ಕ. ಮಹಾದೇವಮ್ಮ ರೊಟ್ಟಿ ಬೇಯಿಸುತ್ತ ಮೆಲ್ಲಗೆ ದನಿಗೂಡಿಸುತ್ತಿದ್ದಳು.

ಮಳೆಗಾಲದ ಒಂದು ಬೆಳಿಗ್ಗೆ ರೇಡಿಯೋ ಹಾಡಲಿಲ್ಲ. ಮರುದಿನವೂ ಇಲ್ಲ. ಅವಳಿಗೆ ಏನೇನೋ ಯೋಚನೆಗಳು ಬಂದವು. ಹಂಚಿನ ಮೇಲೆ ರೊಟ್ಟಿ ಬಿಟ್ಟು, ಸೆರಗು ಹೊದ್ದು, ಬೀದಿ ಬಳಸಿ ಹೋಗಿ ಆ ಹೊಸ್ತಿಲು ದಾಟಿದಳು.

ರಾಜೇಶ್ವರಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿದ್ದಳು.

“ರೇಡಿಯೋ ಯಾಕೆ ಹಚ್ಚಲಿಲ್ಲಕ್ಕ? ನನಗೆ ಜೀವ ಹೋದಂಗಾತು.”

“ಮೊನ್ನಿಂದ ಕರೆಂಟೇ ಇಲ್ಲ. ಲಾಟೀನಿನೋಳಿಗೆ ಹೆಂಗೆ ತಿಳೀಬೇಕು.” ಅಕ್ಕ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. “ಕೂತ್ಕ ಬಾ.”

ಮಹಾದೇವಮ್ಮ ಕೂತು ಮೊರದ ಇನ್ನೊಂದು ಅಂಚು ಎಳೆದುಕೊಂಡಳು.

ಮನೆಗೆ ಮರಳುವಷ್ಟರಲ್ಲಿ ಶಿವಮೂರ್ತಪ್ಪ ಬಂದಿದ್ದ.

“ಎಲ್ಲಿಗೆ ಹೋಗಿದ್ದೆ?”

“ಅಕ್ಕನ ಹತ್ರ.”

ಅವನು ಹೆಂಡತಿಯನ್ನು ನೋಡಿದ, ಸೀದ ರೊಟ್ಟಿಯನ್ನು ನೋಡಿದ. ಅದನ್ನೇ ಮುರಿದು ತಿಂದ.

ಅಣ್ಣತಮ್ಮಂದಿರು ಕೊನೆಯವರೆಗೂ ಮಾತಾಡಲಿಲ್ಲ. ಮಹಾದೇವಮ್ಮ ಮಾತ್ರ, ರೇಡಿಯೋ ನಿಂತಾಗಲೆಲ್ಲ ಹೋಗಿಬರುತ್ತಿದ್ದಳು, ಗಂಡ ಕೇಳುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಒಲೆಯ ಮುಂದೆ ಕೂತು, ರೇಡಿಯೋದ ದನಿ ನಡುವೆಯೇ ಕಡಿದುಹೋಗಲಿ ಎಂದು ಕಾಯುತ್ತಿದ್ದಳು.