ಟ್ರೇ ಮೇಲೆ ಮೊಳೆಯಿಂದ ಕೊರೆದ ಹೆಸರು

ಇವತ್ತು ಬೆಳಗ್ಗೆ ರಾಯಚೂರಿನ ನಮ್ಮ ಮನೆಯ ಅಟ್ಟದಿಂದ ಸೊಸೆ ಒಂದು ಕರಕಲು ಟ್ರೇ ಇಳಿಸಿಕೊಂಡು ಬಂದಳು. "ಅತ್ತೀ, ಇದ್ರಾಗ ಕೇಕ್ ಮಾಡ್ಲೇನ್ರಿ? ತತ್ತಿ ಹಾಕಬೇಕಾಗ್ತದ ಮತ್ತ" ಎಂದಳು. ಮೊಟ್ಟೆಯ ಮಾತು ಕೇಳಿಯೂ ನಾನು ಪೇಪರಿನಿಂದ ತಲೆ ಎತ್ತದೆ, "ಹಬ್ಬ ಮುಗೀಲಿ ತಡಿ, ನೋಡೋಣಂತ" ಎಂದೆ. ಅವಳು ಟ್ರೇಯನ್ನು ನನ್ನ ಮುಂದಿಟ್ಟು ಸುಮ್ಮನೆ ಹೋದಳು. ಅದರ ಅಂಚಿನಲ್ಲಿ ಮೊಳೆಯಿಂದ ಕೊರೆದ ಮೂರು ಸೊಟ್ಟ ಅಕ್ಷರಗಳು. ನನ್ನದೇ ಹೆಸರು. ಆಗ ನೋಡಿ ನನಗೆ ಹೊಳೆದದ್ದು, ಈಗಷ್ಟೇ ನನ್ನ ಬಾಯಿಂದ ಬಂದದ್ದು ನಮ್ಮ ಅತ್ತೆಯವರ ಮಾತು ಎಂದು.

ನಮ್ಮ ಅತ್ತೆಯವರನ್ನು ನೀವು ನೋಡಬೇಕಿತ್ತು. ಆಗ ಮಾನ್ವಿಯಲ್ಲಿ ಮನೆ, ಮಾವನವರದು ಗುಡಿಯ ಪೂಜೆ. ಕಚ್ಚೆ ಸೀರೆಯುಟ್ಟು, ಬೆಳಗಿನಿಂದ ಮಧ್ಯಾಹ್ನದವರೆಗೆ ಮಡಿಯಲ್ಲಿರುತ್ತಿದ್ದ ಅವರು ಒಮ್ಮೆಯೂ ದನಿ ಎತ್ತಿದವರಲ್ಲ. ಯಾವುದಕ್ಕೂ ಬೇಡ ಅಂದವರೂ ಅಲ್ಲ. "ಮುಗೀಲಿ ತಡಿ" ಅನ್ನುತ್ತಿದ್ದರು, ಅಷ್ಟೇ. ಜಗಳವಾಡುವ ಅತ್ತೆ ಸಿಕ್ಕಿದ್ದರೆ ನನಗೆ ಎಷ್ಟೋ ಸುಖವಿತ್ತು.

ಆ ಮನೆಯ ಪಾತ್ರೆಗಳ ಮೇಲೆಲ್ಲ ಹೆಸರುಗಳಿದ್ದವು. ಮನೆಯವುಗಳ ಮೇಲೆ ಮಾವನವರದು, ನಾನು ತವರಿನಿಂದ ತಂದವುಗಳ ಮೇಲೆ ನಮ್ಮಪ್ಪನದು. ಹನ್ನೊಂದು ವರ್ಷ ಅವನ್ನು ತಿಕ್ಕಿ ತೊಳೆದವಳು ನಾನು. ಒಂದು ಚಮಚದ ಮೇಲೂ ನನ್ನ ಹೆಸರಿರಲಿಲ್ಲ. ನಾನು ಕಲಿಸುತ್ತಿದ್ದ ದೇವದುರ್ಗದ ಶಾಲೆಯಲ್ಲಿ ಎದ್ದೇಳಿ ಅಂದರೆ ಇಡೀ ತರಗತಿ ಏಳುತ್ತಿತ್ತು. ಮನೆಗೆ ಬಂದರೆ ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚು ಹಾಕಲಿಕ್ಕೂ ಕೇಳಬೇಕಿತ್ತು.

ಎದುರು ಮನೆಯ ಶಾಹೀನ್ ಅದೇ ಶಾಲೆಯಲ್ಲಿ ಕಲಿಸುತ್ತಿದ್ದಳು. ದಿನಾ ಒಂದೇ ಬಸ್ಸು ನಮ್ಮದು. ಸಿರವಾರದ ಹತ್ತಿರ ಬಸ್ಸು ಕೆಟ್ಟು ನಿಂತ ಒಂದು ದಿನ ಅವಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ದೇಶದ ಹೆಂಗಸು, ಕೊಳವೆಯಂಥ ಪಾಸ್ತಾದೊಳಗೆ ಪಾಲಕ್ ಮತ್ತು ಚೀಸ್ ತುಂಬಿ ಓವನ್ನಿನಲ್ಲಿ ಕೆಂಪಗೆ ಬೇಯಿಸುತ್ತಿದ್ದಳು. ಅದನ್ನು ನೋಡಿ ನನಗೆ ಹಸಿವಾಯಿತು ಅಂದರೆ ಸುಳ್ಳು. ಹೊಟ್ಟೆಕಿಚ್ಚಾಯಿತು. ಆ ಹೆಂಗಸು ಯಾರನ್ನೂ ಕೇಳದೆ ಮಾಡುತ್ತಿದ್ದಳಲ್ಲ!

ನಾನು ಅತ್ತೆಯವರನ್ನು ಕೇಳಿದೆ. ಆಗಷ್ಟೇ ಚಾತುರ್ಮಾಸ ಶುರುವಾಗಿತ್ತು. ಮೊದಲ ತಿಂಗಳು ಶಾಕವ್ರತ, ಕಾಯಿಪಲ್ಲೆ ಮುಟ್ಟುವಂತಿಲ್ಲ, ಪಾಲಕ್ ಹೋಯಿತು. ಎರಡನೆಯ ತಿಂಗಳು ಮೊಸರಿಲ್ಲ. ಚೀಸ್ ಅಂದರೆ ಹಾಲೋ ಮೊಸರೋ ಎಂಬ ಪ್ರಶ್ನೆ ಎದ್ದಿತು. ಮಾವನವರು ಪಂಚಾಂಗ ತೆರೆದರು, ಅದರಲ್ಲಿ ಚೀಸಿನ ವಿಚಾರ ಇರಲಿಲ್ಲ. ಸಂಶಯವಿದ್ದರೆ ಬಿಡುವುದು ಒಳ್ಳೆಯದು ಎಂದು ತೀರ್ಮಾನವಾಯಿತು. ಮೂರನೆಯ ತಿಂಗಳು ಹಾಲೇ ಇಲ್ಲ. ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ನನ್ನ ತಿಂಡಿಯಲ್ಲಿ ಬೇಳೆಯೇ ಇಲ್ಲವಲ್ಲ ಎಂದು ಓಡೋಡಿ ಹೋದೆ. "ಕಾರ್ತೀಕ ಮುಗೀಲಿ ತಡಿ" ಎಂದರು ಅತ್ತೆಯವರು. ಕಾರ್ತೀಕ ಮುಗಿದರೆ ಧನುರ್ಮಾಸ, ಅದು ಮುಗಿದರೆ ಮಾಘಸ್ನಾನ. ಗಂಡನಿಗೆ ಹೇಳಿಕೊಂಡರೆ, "ಮುಗೀಲಿ ಅಂದಾಳ, ಬ್ಯಾಡ ಅಂದಿಲ್ಲಲ್ಲ" ಎಂದು ನ್ಯಾಯ ಹೇಳಿದರು.

ಕೇಳುವುದನ್ನೇ ಬಿಟ್ಟೆ. ಒಂದು ಭಾನುವಾರ ಹಿತ್ತಲಿನಲ್ಲಿ ಸ್ಟೋವ್ ಹಚ್ಚಿದೆ. ಅಂಥ ಪಾಸ್ತಾ ನಮ್ಮೂರಲ್ಲಿ ಎಲ್ಲಿಯದು? ಗೋಧಿ ಹಿಟ್ಟು ಗಟ್ಟಿಯಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಕುದಿಯುವ ನೀರಿಗೆ ಹಾಕಿ ತೆಗೆದೆ. ಮೊದಲ ನಾಲ್ಕು ಹರಿದು ಚಿಂದಿಯಾದವು. ನನಗೆ ಅಳು ಬಂದಿತ್ತು, ಆದರೆ ಅತ್ತೆಯವರು ಕಿಟಕಿಯಲ್ಲಿದ್ದರು, ಅಳಲಿಲ್ಲ. ಬಾಡಿಸಿದ ಪಾಲಕನ್ನು ಹಿಂಡಿ, ಹಾಲು ಒಡೆಸಿ ತೆಗೆದ ಪನೀರಿನ ಜೊತೆ ಕಲಸಿ, ಉಪ್ಪು, ಮೆಣಸಿನ ಪುಡಿ ಹಾಕಿ ಸುರುಳಿ ಸುತ್ತಿದೆ. ಬೇಕಂತ ಹಾಲು ಒಡೆಸುವುದು ಆ ಮನೆಯಲ್ಲಿ ಎಂಥ ಅಪಶಕುನ ಅಂತ ಗೊತ್ತಿದ್ದೇ ಒಡೆಸಿದೆ. ಹೊಸ ಟ್ರೇಯಲ್ಲಿ ಜೋಡಿಸಿ, ಟೊಮೆಟೊ ಗೊಜ್ಜು ಸುರಿದು, ಮೇಲೆ ಚೀಸ್ ತುರಿದೆ.

ಓವನ್ನಿನ ಚಿಂತೆಯನ್ನು ಶಾಹೀನ್ ಬಿಡಿಸಿದಳು. "ರಂಜಾನಿಗೆ ನಾವು ನಾನ್‌ಖಟಾಯಿ ಬಿಸ್ಕೀಟಿನ ಟ್ರೇ ಬೇಕರಿ ಭಟ್ಟಿಗೆ ಒಯ್ಯೂದಿಲ್ಲೇನ್ರಿ? ನಡೀರಿ. ಡರೋ ನಕ್ಕೋ ಅಕ್ಕಾ, ಹೆದರಬ್ಯಾಡ್ರಿ." ಆಮೇಲೆ ಕೈಗೊಂದು ಮೊಳೆ ಕೊಟ್ಟಳು. "ಹೆಸರು ಹಾಕ್ರಿ. ಇಲ್ಲಾಂದ್ರ ಭಟ್ಟ್ಯಾಗ ಅದಲುಬದಲಾಗಿ ಯಾರ ಮನಿಗೋ ಹೋಗ್ತದ."

ನನ್ನ ಕೈ ತಾನಾಗಿಯೇ ಮಾವನವರ ಹೆಸರಿನ ಮೊದಲ ಗೆರೆ ಎಳೆಯಿತು. ಈಗಲೂ ಆ ಗೆರೆ ಹಾಗೇ ಇದೆ. ಅದನ್ನು ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ನನ್ನ ಹೆಸರು ಕೊರೆದೆ.

ಭಟ್ಟಿಯ ಚಾಚಾ ಉದ್ದನೆಯ ಕೋಲಿನಿಂದ ಟ್ರೇ ಹೊರಗೆಳೆದು, ಅಕ್ಷರ ಕೂಡಿಸಿ ಓದಿ, ನನ್ನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದರು. ಟೀಚರ್ ಎಂದೋ ಪೂಜಾರಪ್ಪನವರ ಸೊಸೆ ಎಂದೋ ಕರೆಯುತ್ತಿದ್ದ ಊರಿಗೆ ನನ್ನ ಹೆಸರು ಆವತ್ತೇ ಗೊತ್ತಾದದ್ದು. ಗುಡಿಯ ಮುಂದೆ ಕೂತಿದ್ದವರೊಬ್ಬರು, "ಏನ್ ಒಯ್ಯಾಕತ್ತೀರಿ ಟೀಚರ್? ಯಾರ ಮನೀದು?" ಎಂದರು. "ನಂದ್ರಿ" ಎಂದು ಮುಂದೆ ಹೋದೆ.

ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. "ಬೇಕರಿ ಭಟ್ಟ್ಯಾಗ ಬೆಂದದ್ದು ಒಳಗ ಬರಂಗಿಲ್ಲ."

"ಬ್ಯಾಡ್ರಿ ಅತ್ತೀ. ನಾನೂ ಹೊರಗೇ ಕೂಡ್ತೀನಿ."

ಹೊರಗಿನ ಕಟ್ಟೆಯ ಮೇಲೆ, ಹಾದುಹೋಗುವವರ ಕಣ್ಣೆದುರು, ಶಾಹೀನ್ ಮತ್ತು ನಾನು ತಿಂದೆವು. ತಳ ಸೀದಿತ್ತು, ಉಪ್ಪು ಕಡಿಮೆಯಾಗಿತ್ತು. ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ. ಗಂಡ ಹೊಸ್ತಿಲ ಒಳಗೊಂದು ಹೊರಗೊಂದು ಕಾಲಿಟ್ಟು ನಿಂತಿದ್ದರು. ನಾನು ಕರೆಯಲಿಲ್ಲ. ಕೊನೆಗೆ ತಾವೇ ಬಂದು ಒಂದು ಸುರುಳಿ ತೆಗೆದುಕೊಂಡರು. ಅತ್ತೆಯವರು ಅಷ್ಟು ಹೊತ್ತೂ ಅಲ್ಲೇ ನಿಂತಿದ್ದವರು, "ಮುಗೀತೇನು?" ಎಂದರು.

"ಮುಗೀತ್ರಿ."

"ಹಂಗಾರ ಸ್ನಾನ ಮಾಡಿ ಒಳಗ ಬಾ."

ಸ್ನಾನ ಮಾಡಿ ಒಳಗೆ ಹೋದೆ. ಟ್ರೇಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಿತ್ತಲ ಗೋಡೆಗೆ ನೇತುಹಾಕಿದೆ. ಮನಸ್ಸು ಬಂದಾಗಲೆಲ್ಲ ಅದನ್ನು ಭಟ್ಟಿಗೆ ಒಯ್ದೆ, ಕಟ್ಟೆಯ ಮೇಲೇ ಕೂತು ತಿಂದೆ. ಅತ್ತೆಯವರು ತೀರಿಹೋಗುವವರೆಗೂ ಅದರ ರುಚಿ ನೋಡಲಿಲ್ಲ. ನಾನೂ ತಪ್ಪಾಯಿತು ಅನ್ನಲಿಲ್ಲ. ಇಂದಿಗೂ ಅನ್ನುವುದಿಲ್ಲ.

ಇಷ್ಟೆಲ್ಲ ನೆನೆದು ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದೆ. ಹತ್ತಿರದಲ್ಲಿ ಒಂದು ಹಬ್ಬವೂ ಇರಲಿಲ್ಲ. ನಾಚಿಕೆಯಾಯಿತು. ಡಬ್ಬಿಯಲ್ಲಿ ಒಂದು ಮೊಳೆ ಹುಡುಕಿ ಸೊಸೆಯನ್ನು ಕರೆದೆ.

"ಯಾವ ಹಬ್ಬ ಅಂತ ಯಾಕ ಕೇಳಲಿಲ್ಲ ನೀ?"

"ನೀವು ಅಂದ್ರಿ, ನಾ ಸುಮ್ಮನಾದೆ."

"ಇನ್ನ ಸುಮ್ಮನಾಗಬ್ಯಾಡ. ತೊಗೊ, ನನ್ನ ಹೆಸರಿನ ಬಾಜೂಕ ಜಾಗ ಅದ. ನಿಂದೂ ಕೊರಿ."

ಅವಳು ಮೊಳೆ ಹಿಡಿದು ಅನುಮಾನದಿಂದ ನೋಡಿದಳು. "ನೀವು ತಿಂತೀರೇನ್ರಿ ಅತ್ತೀ?"

"ತತ್ತಿ ನಾ ತಿನ್ನಂಗಿಲ್ಲ. ಆದ್ರ ನೀ ಹೊರಗ ಕೂತು ತಿನ್ನಂಗಿಲ್ಲ. ಒಳಗ, ನನ್ನ ಬಾಜೂಕ ಕೂತು ತಿನ್ನು."