ಗ್ಯಾಸು ಯಾವುದು, ಗಾಳಿ ಯಾವುದು

ಪಾಠಪುಸ್ತಕದ ಅವಳಿ ಮಕ್ಕಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗುರುತಿಸುವುದಕ್ಕೆ ಇಂಗ್ಲೀಷಿನಲ್ಲಿ ಬೇಕಾದಷ್ಟು ಕ್ರಿಯಾಪದಗಳಿವೆ. ಡಿಸ್ಟಿಂಗ್ವಿಶ್, ಡಿಫರೆನ್ಶಿಯೇಟ್, ಡಿಸರ್ನ್, ಟೆಲ್ ಅಪಾರ್ಟ್. ಯಾವ ಪುಸ್ತಕ ತೆಗೆದರೂ ಉದಾಹರಣೆ ಮಾತ್ರ ಅದೇ: ಅವಳಿಗಳಲ್ಲಿ ಯಾರು ಯಾರೆಂದು ಹೆತ್ತ ತಾಯಿಗೂ ತಿಳಿಯುವುದಿಲ್ಲವಂತೆ. ಎಂಥ ತಾಯಿ ಅವಳು?

ಸಪ್ತಾಪುರದ ಕೋಚಿಂಗ್ ಕ್ಲಾಸೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲೀಷ್ ಕಲಿಸುತ್ತೇನೆ. ಕುರ್ಚಿಯಲ್ಲಿ ಕೂತು ಪಾಠ ಮಾಡಿ ಗೊತ್ತಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಲೇ ಇರುತ್ತೇನೆ. ನನ್ನ ತರಗತಿಯಲ್ಲಿ ಅವಳಿಗಳಿಗೆ ಪ್ರವೇಶವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯದನ್ನು ಹೇಳಿ, ನಿಜವಾದದ್ದನ್ನು ಹೇಳಿ, ವ್ಯಾಕರಣ ತಪ್ಪಿದರೆ ತಿದ್ದಲು ನಾನಿದ್ದೇನೆ.

ಆದರೆ ಹೋದ ಚಳಿಗಾಲವೆಲ್ಲ ನನ್ನ ತಿರುಗಾಟಕ್ಕೆ ಬೇರೆ ಕಾರಣವಿತ್ತು. ನಮ್ಮ ಅತ್ತೆ ಮನೆಯ ಮುಂದಿನ ಖೋಲಿಯಲ್ಲಿ ಖಾನಾವಳಿ ನಡೆಸುತ್ತಾರೆ. ಸುತ್ತಲಿನ ಬಾಡಿಗೆ ಕೋಣೆಗಳ ಹುಡುಗ ಹುಡುಗಿಯರು ಅವರನ್ನು ಆಯಿ ಅನ್ನುತ್ತಾರೆ, ಎರಡು ಹೊತ್ತೂ ಅಲ್ಲೇ ಉಣ್ಣುತ್ತಾರೆ, ಇಲ್ಲವೇ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾರೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಆ ಒಲೆಯ ಮೇಲೇ ಮಗನನ್ನು ಬೆಳೆಸಿದವರು. ದೇವರಿಗೆ ಎಡೆ ಹಿಡಿಯುವ ತನಕ ಅಡುಗೆಯನ್ನು ನಾಲಿಗೆಗೆ ಹಚ್ಚುವಂತಿಲ್ಲ ಎಂಬುದು ಅವರ ನೇಮ. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲದರ ಲೆಕ್ಕವೂ ಮೂಗಿನದೇ. ಚಟ್ನಿಗೆ ಶೇಂಗಾ ಹುರಿಯಲು ಇಟ್ಟು, ಒಲೆಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದರು. ಸೀಯುವುದಕ್ಕೆ ಇನ್ನೇನು ಒಂದು ಗಳಿಗೆ ಇದೆ ಅನ್ನುವಾಗ ತಿರುಗಿ ಬಾಣಲೆ ಇಳಿಸುತ್ತಿದ್ದರು.

ಜ್ವರವೊಂದು ಬಂದು ಹೋದ ಮೇಲೆ ಅವರು ಬಾಣಲೆಯ ಕಡೆ ಮುಖ ಮಾಡಿ ನಿಲ್ಲತೊಡಗಿದರು. ನಾನು ಕೇಳಿದರೆ ಮೂಗು ಸ್ವಲ್ಪ ಕಟ್ಟಿದೆ ಅಂದರು. ಡಾಕ್ಟರ ಹತ್ತಿರ ಹೋಗೋಣವೆಂದರೆ ನಾಳೆ ಅಂದರು. ಆ ನಾಳೆ ಬರಲೇ ಇಲ್ಲ. ಸೀದ ಚಟ್ನಿ ತಿಂದು ಹುಡುಗರು ಎಲ್ಲಿ ಬೇರೆ ಖಾನಾವಳಿ ಹಿಡಿಯುತ್ತಾರೋ ಎಂಬುದೇ ನನ್ನ ಚಿಂತೆ. ಪಾಠದ ಮಧ್ಯೆ ಊಟದ ಹೊತ್ತು ನೆನಪಾದರೆ ಬಾಗಿಲಿಗೂ ಕಿಟಕಿಗೂ ಇನ್ನೂ ಜೋರಾಗಿ ತಿರುಗುತ್ತಿದ್ದೆ.

ಅಂಥದೊಂದು ದಿನವೇ ಈ ಕ್ರಿಯಾಪದಗಳ ಪಾಠ ಬಂತು. ಒಬ್ಬೊಬ್ಬರೇ ಎದ್ದು ವಾಕ್ಯ ಹೇಳಿದರು. ಅಣ್ಣನಿಗೆ ತನ್ನ ಟವೆಲ್ಲಿಗೂ ನನ್ನ ಟವೆಲ್ಲಿಗೂ ಇರುವ ವ್ಯತ್ಯಾಸ ಈ ಜನ್ಮದಲ್ಲಿ ತಿಳಿಯುವುದಿಲ್ಲ ಎಂದು ಒಬ್ಬ ದೂರಿದ. ನನಗೆ ಬಂದದ್ದು ತಲೆನೋವೋ ಸೋಮಾರಿತನವೋ ಅನ್ನುವುದನ್ನು ಅವ್ವ ಹೊದಿಕೆ ಎಳೆಯುವ ಮುಂಚೆಯೇ ಡಿಸರ್ನ್ ಮಾಡುತ್ತಾಳೆ ಎಂದಳು ಇನ್ನೊಬ್ಬಳು. ತರಗತಿ ನಗುತ್ತಿತ್ತು. ನನಗೂ ತುಸು ಹಗುರಾಯಿತು.

ಆಮೇಲೆ ಹಿಂದಿನ ಬೆಂಚಿನಿಂದ ಅಮ್ಮಿನಬಾವಿಯ ಹುಡುಗಿ ಎದ್ದಳು. ಕೇಳದೆ ಬಾಯಿ ಬಿಡುವವಳಲ್ಲ. ನಮ್ಮ ಖಾನಾವಳಿಯಲ್ಲೇ ಅವಳ ಊಟ. ಗೋಡೆ ನೋಡುತ್ತಾ ಒಂದೇ ಉಸಿರಿನಲ್ಲಿ ಹೇಳಿದಳು.

“ಅವರ್ ಆಯಿ ಕೆನಾಟ್ ಡಿಸ್ಟಿಂಗ್ವಿಶ್ ಗ್ಯಾಸ್ ಫ್ರಮ್ ಏರ್.”

ನಮ್ಮ ಆಯಿಗೆ ಗ್ಯಾಸು ಯಾವುದು, ಗಾಳಿ ಯಾವುದು ಗೊತ್ತಾಗುವುದಿಲ್ಲ. ಯಾರೋ ಒಬ್ಬ ನಕ್ಕ, ಮುಂದೆ ಯಾರೂ ನಗಲಿಲ್ಲ. ವಾಕ್ಯದಲ್ಲಿ ತಿದ್ದಲು ಏನೂ ಇರಲಿಲ್ಲ. ಕರೆಕ್ಟ್ ಅಂದೆ. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟೆ.

ತರಗತಿಯನ್ನು ಅಲ್ಲಿಗೇ ಬಿಟ್ಟು ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ವಾರದ ಹಿಂದೆ ಬೆಳಿಗ್ಗೆ ಡಬ್ಬಿ ತರಲು ಹೋದಾಗ ಬಾಗಿಲಲ್ಲೇ ಅವಳಿಗೆ ಗ್ಯಾಸಿನ ನಾತ ಬಡಿದಿತ್ತಂತೆ. ಒಲೆಯ ನಾಬ್ ತೆರೆದೇ ಇತ್ತು, ಉರಿ ಇರಲಿಲ್ಲ. ಆಯಿ ಲೈಟರ್ ಹಿಡಿದು ಒಲೆಯ ಮೇಲೆ ಬಗ್ಗಿದ್ದರು. ಇವಳು ಓಡಿ ಅವರ ಮುಂಗೈ ಹಿಡಿದುಕೊಂಡಳು, ಒಲೆ ಬಂದ್ ಮಾಡಿ ಕಿಟಕಿ ತೆರೆದಳು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಯಾಕಿದ್ದೆ ಎಂದು ನಾನು ಗದರಿಬಿಟ್ಟೆ.

“ಸಿಟ್ಟಾಗಬ್ಯಾಡ್ರಿ ಮೇಡಂ. ನಿಮಗ ಹೇಳೂದಿಲ್ಲ ಅಂತ ಆಯಿ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ” ಅಂದಳು. “ಇಂಗ್ಲೀಷಿನ್ಯಾಗ ಹೇಳಿದ್ರ ಆಣಿ ಮುರಿದಂಗ ಆಗಂಗಿಲ್ಲ ಅಂತ ತಿಳ್ಕೊಂಡೆ.”

ಆ ವಾಕ್ಯ ಜೋಡಿಸಲು ಅವಳಿಗೆ ಒಂದು ವಾರ ಹಿಡಿದಿತ್ತು. ನಾನು ಸ್ಕೂಟಿ ಹತ್ತಿದೆ.

ದಾರಿಯುದ್ದಕ್ಕೂ ಹಾರ್ನ್ ಒತ್ತಿದೆ, ಎದುರಿಗೆ ಬಂದವರನ್ನೆಲ್ಲ ಬೈದೆ. ಎಷ್ಟು ತಿಂಗಳಿಂದ ಚಟ್ನಿಯ ಚಿಂತೆ ಮಾಡುತ್ತಿದ್ದೆ ನಾನು. ಮನೆ ಉಳಿದದ್ದು ಡಬ್ಬಿಗೆ ಬಂದ ಹುಡುಗಿಯಿಂದ. ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಇವತ್ತೇ ಅಡುಗೆಯವಳನ್ನು ಗೊತ್ತುಮಾಡುವುದು, ನಾಳೆಯಿಂದ ಅತ್ತೆ ಒಲೆ ಮುಟ್ಟಕೂಡದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಚಪ್ಪಲಿ ಬಿಟ್ಟೆ.

ಅತ್ತೆ ಶೇಂಗಾ ಹುರಿಯುತ್ತಿದ್ದರು, ಬಾಣಲೆಯ ಕಡೆ ಮುಖ ಮಾಡಿಕೊಂಡು. ನಾನು ನೇರ ಹೋಗಿ ಗ್ಯಾಸ್ ಬಂದ್ ಮಾಡಿದೆ. ಗುಟ್ಟು ರಟ್ಟಾಗಿದೆ ಎಂದು ತಿಳಿಯಲು ಅವರಿಗೆ ಅಷ್ಟೇ ಸಾಕಾಯಿತು. ಕೈಯಾಡಿಸುತ್ತಿದ್ದ ಹುಟ್ಟನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವಾಗ ನನ್ನ ದನಿ ಬೀದಿಗೆ ಕೇಳಿಸುವಷ್ಟು ಏರಿತ್ತು.

“ಮೂಗು ಹೋಗೇತಿ ಅಂದ್ರ ಒಲಿ ಬಿಡಸ್ತೀರಿ” ಅಂದರು. “ಒಲಿ ಬಿಟ್ಟು ನಾ ಎಲ್ಲಿ ಕುಂದರ್ಲಿ, ಹೇಳು.”

ಅಡುಗೆಯವಳ ಸುದ್ದಿ ಎತ್ತಲಿಲ್ಲ. ಅರ್ಧ ಹುರಿದ ಶೇಂಗಾವನ್ನು ನಾನೇ ಹುರಿದೆ, ಹದ ತಪ್ಪಿ ಕಪ್ಪಗಾಯಿತು. ಅವರು ಬಣ್ಣ ನೋಡಿ, ಕಪ್ಪಾದ ಕಾಳುಗಳನ್ನು ಆರಿಸಿ ತೆಗೆದರು.

ಡಾಕ್ಟರು ವಾಸನೆ ಮರಳಬಹುದು, ಮರಳದೆಯೂ ಇರಬಹುದು ಅಂದರು. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ಗೋಡೆಗೆ ಹಾಕಿದರು. ಅದು ಒಗ್ಗರಣೆಗೂ ಕೂಗುತ್ತದೆ, ಊದಿನಕಡ್ಡಿಗೂ ಕೂಗುತ್ತದೆ. ಅತ್ತೆಗೆ ಅದರ ಮೇಲೆ ಕವಡೆಯಷ್ಟೂ ನಂಬಿಕೆಯಿಲ್ಲ, ನನಗೂ ಇಲ್ಲ. ಕೊನೆಗೆ ನಾವಿಬ್ಬರೂ ಒಪ್ಪಿಕೊಂಡದ್ದು ಒಂದೇ ಕರಾರು: ಬೇರೆ ಒಬ್ಬರ ಮೂಗು ಒಳಗೆ ಹೋಗಿ ಬರುವ ತನಕ ಅವರು ಲೈಟರ್ ಒತ್ತುವಂತಿಲ್ಲ. ಬೆಳಿಗ್ಗೆ ನಾನು, ನಾನಿಲ್ಲದಾಗ ಅಮ್ಮಿನಬಾವಿಯ ಹುಡುಗಿ. ಅವಳ ಪಾಳಿಯ ದಿನ, ತರಗತಿಗೆ ಬಂದು ಅವಳು ತಲೆಯಾಡಿಸುವ ತನಕ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಮೊದಲ ದಿನ ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಲೈಟರ್ ಹಿಡಿದು ಹೊಸ್ತಿಲಲ್ಲಿ ನಿಂತರು. ತಮ್ಮ ಅಡುಗೆಮನೆಯ ಹೊರಗೆ ಅವರು ಹಾಗೆ ಅಪ್ಪಣೆಗೆ ಕಾದು ನಿಂತದ್ದನ್ನು ನೋಡಿ ನನಗೆ ಸಂಕಟವಾಯಿತು. ಬೇಗ ಬೇಗ ಒಳಗೆ ಹೋಗಿ, ಒಲೆಯ ಹತ್ತಿರ ಬಗ್ಗಿ ಮೂಸಿ, ಏನೂ ಇಲ್ಲ, ಹಚ್ಚಿರಿ ಎಂದೆ.

ಅವರು ಕದಲಲಿಲ್ಲ.

“ಏನೂ ಇಲ್ಲ ಅಂದ್ರ ಹೆಂಗ? ಅಡಗಿ ಮನ್ಯಾಗ ಏನರ ಇದ್ದ ಇರ್ತೈತಿ. ಏನೇನೈತಿ ಹೇಳು.”

ನನಗೆ ತರಗತಿಗೆ ತಡವಾಗುತ್ತಿತ್ತು. ಆದರೂ ಇನ್ನೊಮ್ಮೆ ಉಸಿರೆಳೆದುಕೊಂಡೆ. ನಿನ್ನೆ ರಾತ್ರಿಯ ಮೆಂತ್ಯಪಲ್ಲೆ ಇದೆ ಎಂದೆ. ಒರೆಸಿದ ನೆಲ ಇನ್ನೂ ಆರಿಲ್ಲ. ಗಡಿಗೆಯಲ್ಲಿ ಮೊಸರು ಹುಳಿಯಾಗಿದೆ. ಜೋಳದ ಹಿಟ್ಟು ಹೊಸದು, ಗಿರಣಿಯ ಬಿಸಿ ಇನ್ನೂ ಇದೆ. ನಿಮ್ಮ ವಿಭೂತಿ ಇದೆ.

ಅವರು ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಕೇಳಿಸಿಕೊಂಡರು. ಆಮೇಲೆ ಒಳಗೆ ಬಂದು ಒಲೆ ಹಚ್ಚಿದರು.