ಮೂರೂವರೆ ಅಡಿಯ ರೋಟಾವೇಟರ್

ಕೋವಿಡ್ ಕಾಲ ಮುಗಿದು ಜನ ಮತ್ತೆ ಅಂಗಡಿಗಳಿಗೆ ಅಂಜಿಕೆಯಿಲ್ಲದೆ ಬರತೊಡಗಿದ ವರ್ಷ ಅದು. ನಾನಾಗ ಶಹಾಪುರದ ಒಂದು ಕೃಷಿ ಯಂತ್ರಗಳ ಮಳಿಗೆಯಲ್ಲಿ ಫೀಲ್ಡ್ ಇಂಜಿನಿಯರ್. ಡಿಪ್ಲೊಮಾ ಮುಗಿಸಿ ಸೇರಿದವನು ಅಲ್ಲಿಯೇ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಯಾವ ಟ್ರ್ಯಾಕ್ಟರಿಗೆ ಯಾವ ಉಪಕರಣ ಹೊಂದುತ್ತದೆ ಎಂದು ಹೇಳುವುದು, ಹೊಲದಲ್ಲಿ ಓಡಿಸಿ ತೋರಿಸುವುದು, ಮೊದಲ ಸರ್ವಿಸ್ ಮಾಡಿಕೊಡುವುದು ನನ್ನ ಕೆಲಸ. ಯಾದಗಿರಿಯಿಂದ ಸುರಪುರದವರೆಗಿನ ರೈತರು ನನ್ನ ಮಾತಿನ ಮೇಲೆ ಎರಡನೇ ಮಾತು ಆಡುತ್ತಿರಲಿಲ್ಲ. ಅದು ನನಗೆ ಹಿತವಾಗಿಯೂ ಇತ್ತು.

ಮೇ ತಿಂಗಳ ಕೊನೆಯಲ್ಲಿ ಕೆಂಭಾವಿ ಕಡೆಯ ಹಳ್ಳಿಯೊಂದರಿಂದ ಗಂಡ ಹೆಂಡತಿ ಬಂದರು. ಗಂಡ ಭೀಮರಾಯ, ಐವತ್ತರ ಆಸುಪಾಸು. ಇಪ್ಪತ್ತು ವರ್ಷ ಯಾದಗಿರಿ–ಹೈದರಾಬಾದ್ ನಡುವೆ ಲಾರಿ ಓಡಿಸಿದವನು. ಕಣ್ಣಿನ ನರ ಒಣಗುವ ಕಾಯಿಲೆಯಿಂದ ಈಗ ಅವನಿಗೆ ಬೆಳಕು ನೆರಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹೆಂಡತಿ ಶರಣಮ್ಮ ಅವನ ಮುಂಗೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಕಾಂಪ್ಯಾಕ್ಟ್ ಟ್ರ್ಯಾಕ್ಟರ್, ಅಂದರೆ ಇಪ್ಪತ್ನಾಲ್ಕು ಹೆಚ್‌ಪಿಯ ಸಣ್ಣ ಗಾಡಿ, ಆಗಲೇ ಅವರ ಬಳಿ ಇತ್ತು. ಅದಕ್ಕೆ ರೋಟಾವೇಟರ್ ಬೇಕಾಗಿತ್ತು. ಓಡಿಸುವವರು ಯಾರು ಎಂದು ಕೇಳಿದೆ. ತಾನೇ ಎಂದಳು ಶರಣಮ್ಮ. ಬೇಸಿಗೆಯ ಖಾಲಿ ಹೊಲದಲ್ಲಿ ಗಂಡ ಬದುವಿನ ಮೇಲೆ ನಿಂತು ಹೇಳಿಕೊಟ್ಟಿದ್ದನಂತೆ. ಅವಳು ಗೇರು ಬದಲಿಸಿದ್ದು ಸರಿಯೋ ತಪ್ಪೋ ಎಂದು ಶಬ್ದದಿಂದಲೇ ಹೇಳುತ್ತಿದ್ದನಂತೆ.

ರೋಟಾವೇಟರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಉಪಕರಣ. ಅಡ್ಡ ದಂಡಕ್ಕೆ ಬಾಗಿದ ಬ್ಲೇಡುಗಳು. ಇಂಜಿನ್ನಿನಿಂದ ಪಿಟಿಒ ಎಂಬ ಶಾಫ್ಟಿನ ಮೂಲಕ ಶಕ್ತಿ ಬಂದು ಅವು ಗರಗರ ತಿರುಗಿ ಮಣ್ಣನ್ನು ಹುಡಿ ಮಾಡುತ್ತವೆ. ಆರಿಸುವಾಗ ಮುಖ್ಯವಾದದ್ದು ಅಗಲ. ಅಗಲ ಹೆಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಶಕ್ತಿಯೂ ಹೆಚ್ಚು ಬೇಕು, ತೂಕವೂ ಹೆಚ್ಚುತ್ತದೆ. ನನ್ನ ಕಿಸೆಯಲ್ಲಿ ಕಂಪನಿ ಕೊಟ್ಟ ಒಂದು ಚಾರ್ಟ್ ಇರುತ್ತಿತ್ತು. ಇಪ್ಪತ್ನಾಲ್ಕು ಹೆಚ್‌ಪಿಯ ಎದುರು ಮೂರೂವರೆಯಿಂದ ನಾಲ್ಕು ಅಡಿ ಎಂದಿತ್ತು. ನಾನು ನಾಲ್ಕು ಅಡಿಯದನ್ನು ಹೇಳಿದೆ.

ಮರುದಿನ ಬೆಳಿಗ್ಗೆ ಅವರ ಹೊಲಕ್ಕೆ ಡೆಮೊ ಕೊಡಲು ಹೋದೆ. ಮೇಲಿನ ಮೂರು ಎಕರೆ ಹತ್ತಿಯ ಹೊಲ. ಕೆಳಗಿನ ಎರಡು ಎಕರೆ ನಾರಾಯಣಪುರ ಕಾಲುವೆಯ ನೀರಿನ ಗದ್ದೆ. ಅಡ್ಡ ಮಳೆಯೊಂದು ಬಿದ್ದು ಮೇಲಿನ ಹೊಲದ ಮಣ್ಣು ಬೆಣ್ಣೆಯಂತೆ ಆಗಿತ್ತು. ಶರಣಮ್ಮ ಸೆರಗು ಬಿಗಿದು ಗಾಡಿ ಹತ್ತಿದಳು. ಹಿಂದೆ ಕಪ್ಪು ಮಣ್ಣು ರವೆಯಂತೆ ಉದುರಿ ಹಾಸುತ್ತ ಹೋಯಿತು. ಬೇವಿನ ನೆರಳಲ್ಲಿ ಭೀಮರಾಯ ಕಣ್ಣು ಮುಚ್ಚಿ ಕೂತಿದ್ದ. ಲಾರಿ ನಿಲ್ಲಿಸಿ ಸೀಟಿನಲ್ಲೇ ಮಲಗುತ್ತಿದ್ದ ದಿನಗಳಲ್ಲಿ ತನಗೆ ಬೀಳುತ್ತಿದ್ದದ್ದು ಒಂದೇ ಕನಸು ಎಂದು ಹೇಳಿದ. ಕೆಳಗಿನ ಗದ್ದೆಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು, ತಾನು ಸುಮ್ಮನೆ ನಡೆಯುತ್ತಿದ್ದಾನೆ. ಎತ್ತ ನಡೆದರೂ ಬದು ಬರುವುದಿಲ್ಲ. ಊರಿಗೆ ಬಂದು ನಿಲ್ಲುವ ಹೊತ್ತಿಗೆ ಕಣ್ಣು ಹೋದವು. ಐದು ವರ್ಷದಿಂದ ಗದ್ದೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಈ ಸಲ ತಾವೇ ಮಾಡಬೇಕೆಂದು ಇಬ್ಬರೂ ನಿಶ್ಚಯಿಸಿದ್ದರು.

ಅಷ್ಟರಲ್ಲಿ ಶರಣಮ್ಮ ಹೊಲದ ಅಂಚಿನಲ್ಲಿ ಗಾಡಿ ಹೊರಳಿಸಿದಳು. ಭೀಮರಾಯ ತಲೆ ಎತ್ತಿದ.

"ಹೊಳ್ಳಾಗ ಇಂಜಿನ್ ದಮ್ಮ ಹತ್ತಿದಂಗ ಕೇಳ್ತದ್ರಿ, ಸಾಹೇಬ್ರ. ಕೆಳಗಿನ ಗದ್ಯಾಗೂ ಒಮ್ಮಿ ಓಡಿಸಿ ನೋಡೂಣು."

ಗದ್ದೆಗೆ ಆಗ ನೀರಿರಲಿಲ್ಲ, ಆ ಒಂದು ಮಳೆಗೆ ಅದರ ಬಿರುಕುಗಳೂ ಮುಚ್ಚಿರಲಿಲ್ಲ. ಅಲ್ಲದೆ ಮಧ್ಯಾಹ್ನದೊಳಗೆ ರಂಗಂಪೇಟೆಯಲ್ಲಿ ನನಗೆ ಇನ್ನೊಂದು ಡೆಮೊ ಇತ್ತು. ಚಾರ್ಟಿನಲ್ಲಿ ಸರಿಯಾಗಿದೆ, ಚಿಂತೆ ಬೇಡ ಎಂದೆ. ಗಾಡಿಗೆ ಇದೇ ಅಳತೆ ಸರಿ ಎಂಬ ಡೆಮೊ ಕಾಗದಕ್ಕೆ ನಾನು ಸಹಿ ಹಾಕಿದೆ.

ಜುಲೈ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ಮೊದಲ ಸರ್ವಿಸಿಗೆಂದು ನಾನು ಮತ್ತೆ ಹೋದ ದಿನವೇ ಶರಣಮ್ಮ ಗದ್ದೆಯಲ್ಲಿ ಕೆಸರು ಮಾಡಲು ಇಳಿದಿದ್ದಳು. ಮೋಡ ತುಸು ತೆರೆದ ಬೆಳಗು. ಎರಡು ಎಕರೆ ನೀರಿನಲ್ಲಿ ಆಕಾಶ ಪೂರ್ತಿ ಇಳಿದು ಕೂತಂತಿತ್ತು. ಗಾಡಿ ಮೋಡಗಳ ಮೇಲೆಯೇ ನಿಧಾನ ಹೋಗುತ್ತಿರುವಂತೆ ತೋರಿ ನಾನು ಬೈಕಿನ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತೆ. ಭೀಮರಾಯ ಬದುವಿನ ಮೇಲೆ ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದ. ಅವನ ಮುಖ ಮಾತ್ರ ಸಡಿಲವಾಗಿರಲಿಲ್ಲ.

ಕಾಲುವೆಯ ಬಸಿನೀರು ನಿಲ್ಲುವ ಮೂಲೆಗೆ ಹೋದಾಗ ಹಿಂದಿನ ಗಾಲಿಗಳು ಹೂತವು. ಬ್ಲೇಡುಗಳ ನಡುವೆ ಕರಿ ಎರೆಮಣ್ಣು ಮೆತ್ತಿ ರೋಟಾವೇಟರ್ ಒಂದು ಮಣ್ಣಿನ ಉರುಳೆಯೇ ಆಯಿತು. ಶರಣಮ್ಮ ಲಿವರ್ ಎಳೆದು ಅದನ್ನು ಮೇಲಕ್ಕೆತ್ತಿ, ಹೊರಗೆ ಬರಲೆಂದು ಗಾಡಿಯನ್ನು ಬದುವಿಗೆ ಹತ್ತಿಸಹೋದಳು. ಹಿಂದಿನ ಭಾರಕ್ಕೆ ಮುಂದಿನ ಗಾಲಿಗಳು ನೆಲ ಬಿಟ್ಟವು. ಮೊದಲು ಒಂದು ಗೇಣು, ನೋಡುತ್ತಿದ್ದಂತೆ ಮೊಣಕಾಲೆತ್ತರ. ಹಾಗೇ ಹಿಂದಕ್ಕೆ ಮಗುಚಿದರೆ ಕೂತವರು ಅಡಿಗೆ ಬೀಳುತ್ತಾರೆ. ಇಪ್ಪತ್ತೊಂಬತ್ತು ವರ್ಷದ ಅನುಭವವಿದ್ದ ನಾನು ಬೈಕು ಹಿಡಿದೇ ನಿಂತಿದ್ದೆ.

ಇಂಜಿನ್ನಿನ ದನಿ ಬದಲಾದದ್ದು ಕೇಳಿ, ಕಣ್ಣು ಕಾಣದ ಭೀಮರಾಯ ಎದ್ದು ನಿಂತಿದ್ದ.

"ಕ್ಲಚ್ ಒತ್ತು, ಶರಣಿ. ಹಿಂದಿಂದು ಕೆಳಗ ಬಿಡು."

ಕೂಗಲಿಲ್ಲ, ಪಾಠ ಹೇಳುವಾಗಿನ ದನಿಯಲ್ಲೇ ಹೇಳಿದ. ಅವಳು ಹಾಗೇ ಮಾಡಿದಳು. ರೋಟಾವೇಟರ್ ಧೊಪ್ಪೆಂದು ಕೆಸರಿಗೆ ಇಳಿಯಿತು, ಮುಂದಿನ ಗಾಲಿಗಳು ನೆಲ ಮುಟ್ಟಿದವು. ಶರಣಮ್ಮ ಇಂಜಿನ್ ಬಂದ್ ಮಾಡಿದಳು. ಆಮೇಲೆ ಇಳಿದು ಬಂದು ಗಂಡನ ಪಕ್ಕ ನಿಂತಳು. ನನ್ನ ಕಡೆ ನೋಡಲಿಲ್ಲ.

ನಾನು ಬೂಟು ಕಳಚಿ, ಪ್ಯಾಂಟು ಮಡಚಿ ಗದ್ದೆಗೆ ಇಳಿದೆ. ಅಷ್ಟು ವರ್ಷದಲ್ಲಿ ರೈತರ ಕೆಸರಿಗೆ ಬರಿಗಾಲಲ್ಲಿ ಇಳಿದದ್ದು ಅದೇ ಮೊದಲು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಗದ್ದೆಯ ನಡುವೆ ಮೀನಖಂಡದವರೆಗೆ ಬಂದ ಕೆಸರು ಆ ಮೂಲೆಯಲ್ಲಿ ಮೊಣಕಾಲು ದಾಟಿತು. ಕಾಲು ಕಿತ್ತರೆ ಮಣ್ಣು ಹಿಡಿದು ಎಳೆಯುತ್ತಿತ್ತು. ಆ ಎಳೆತ ಚಾರ್ಟಿನಲ್ಲಿ ಇರಲಿಲ್ಲ. ಗಾಡಿಯನ್ನು ಹೊರಗೆ ತೆಗೆಸಿ, ಟೇಪು ತೆಗೆದು ಹಿಂದಿನ ಟೈರುಗಳ ಹೊರ ಅಂಚಿನಿಂದ ಅಂಚಿಗೆ ಅಳೆದೆ. ಮೂರು ಅಡಿ ನಾಲ್ಕು ಇಂಚು. ರೋಟಾವೇಟರ್ ಟೈರಿನ ಗುರುತನ್ನು ಮುಚ್ಚುವಷ್ಟು ಅಗಲವಿದ್ದರೆ ಸಾಕು. ಈ ಗಾಡಿಗೆ ಮೂರೂವರೆ ಅಡಿಯೇ ಧಾರಾಳವಾಗಿತ್ತು. ತಪ್ಪು ನನ್ನದು, ಬದಲಿಸಿ ಕೊಡಿಸುತ್ತೇನೆ ಎಂದು ಇಬ್ಬರಿಗೂ ಹೇಳಿದೆ. ಭೀಮರಾಯ ತಲೆಯಾಡಿಸಿದ. ಶರಣಮ್ಮ ಆಗ ಮಾತ್ರ ಕೇಳಿದಳು:

"ಅವತ್ತೇ ಇವರು ಹೇಳಿದ್ರಲ್ರಿ. ಯಾಕ ಕೇಳಲಿಲ್ಲ?"

ನಾನು ಟೇಪು ಸುತ್ತಿ ಕಿಸೆಗೆ ಹಾಕಿ, ಅಲ್ಲಿಂದ ನೇರ ಶಹಾಪುರಕ್ಕೆ ಹೊರಟೆ.

ಮಳಿಗೆಯ ಮಾಲೀಕರು ಹಿರಿಯರಾದ ಮಹಿಬೂಬ ಸಾಬರು. ಕೆಸರು ಹತ್ತಿದ ಮಾಲನ್ನು ವಾಪಸ್ ತೆಗೆದುಕೊಂಡರೆ ನಾಳೆ ಎಲ್ಲರೂ ಬರುತ್ತಾರೆ ಎಂದು ಮೊದಲು ಒಪ್ಪಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ. ಆ ಹೆಣ್ಣುಮಗಳ ಗಾಡಿ ಪಲ್ಟಿ ಆಗುವುದಿತ್ತೇ ಎಂದು ಕೇಳಿದರು. ಹೌದು ಎಂದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

"ಖುದ್ ನೀವೇ ಒಯ್ದು ಕೊಟ್ಟು ಬರ್ರಿ," ಎಂದರು.

ಮೂರನೇ ದಿನ ಮೂರೂವರೆ ಅಡಿಯ ಹಗುರ ಯಂತ್ರ ಒಯ್ದೆ. ಕೆಸರಿಗೆಂದೇ ಮಾಡಿದ, ಮಣ್ಣು ಹಿಡಿದಿಟ್ಟುಕೊಳ್ಳದ ಜೆ ಆಕಾರದ ಬ್ಲೇಡುಗಳನ್ನು ಹಾಕಿಸಿದ್ದೆ. ಗಾಡಿಯ ಮೂತಿಗೆ ಎರಡೂ ಕಡೆ ಕಬ್ಬಿಣದ ತೂಕ ಕಟ್ಟಿದೆ. ಬ್ಲೇಡು ತೀರ ಆಳಕ್ಕೆ ಇಳಿಯದಂತೆ ತಡೆಯುವ ಪಟ್ಟಿಯನ್ನು ಐದು ಇಂಚಿಗೆ ನಿಲ್ಲಿಸಿದೆ. ಬದುವಿಗೆ ಗಾಡಿಯನ್ನು ಮುಂದಾಗಿ ಹತ್ತಿಸಬಾರದು, ಯಂತ್ರ ತೊಳೆದ ಮೇಲೆ ರಿವರ್ಸ್ ಗೇರಿನಲ್ಲಿ ಹಿಂದಾಗಿ ಹತ್ತಿಸಬೇಕು ಎಂದು ಶರಣಮ್ಮನಿಗೆ ನಾಲ್ಕು ಸಲ ಮಾಡಿ ತೋರಿಸಿದೆ. ಐದನೇ ಸಲ ಅವಳೇ ಮಾಡಿದಳು. ಆಮೇಲೆ, ಗದ್ದೆಗೆ ಇಳಿಸುವ ಮೊದಲು, ಭೀಮರಾಯನ ಪಕ್ಕ ಹೋಗಿ ಕೂತೆ. ಯಾವ ಗೇರಿನಲ್ಲಿ ಓಡಬೇಕು ನೀನೇ ಹೇಳು ಎಂದೆ.

ಶರಣಮ್ಮ ಓಡಿಸಿದ ಮೊದಲ ಗೇರಿನ ಶಬ್ದ ಕೇಳಿ ಅವನು ಬೇಡವೆಂದ. ಎರಡನೆಯದನ್ನು ಬಹಳ ಹೊತ್ತು ಕೇಳಿದ. ಆ ಕೆಟ್ಟ ಮೂಲೆಗೆ ಗಾಡಿ ಹೋಗಿ ಬಂದದ್ದನ್ನೂ ಕೇಳಿದ.

"ಈಗ ಅದು ತನ್ನ ಉಸಿರಿಲೇ ನಡ್ಯಾಕತ್ತದ್ರಿ," ಎಂದ.

ಗಾಡಿ ಒಂದೇ ಸಮನೆ ಗುನುಗುತ್ತ ಗದ್ದೆಯ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿತ್ತು. ಆ ಶಬ್ದಕ್ಕೆ, ಕಾಲಿನ ಕೆಳಗಿನ ತಣ್ಣನೆ ನೀರಿಗೆ ನನಗೂ ಮಂಪರು ಹತ್ತಿದಂತಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಭೀಮರಾಯ ಮೆಲ್ಲಗೆ ಕೇಳಿದ:

"ಹೆಂಗ ಕಾಣಸ್ತದ, ಹೇಳ್ರಿ."

ಏನು ಎಂದೆ. ಎಲ್ಲಾ ಎಂದ.

ಅಲ್ಲಿಯವರೆಗೆ ನಾನು ಹೊಲದ ಬಗ್ಗೆ ಹೇಳಿದ್ದು, ಬರೆದದ್ದು ಎಕರೆ, ಅಡಿ, ಇಂಚು, ಹೆಚ್‌ಪಿ ಇಷ್ಟೇ. ತಡವರಿಸುತ್ತ ಶುರು ಮಾಡಿದೆ. ನೀರು ಮೊದಲು ಬೆಳ್ಳಗಿತ್ತು, ಗಾಡಿ ಹೋದಲ್ಲಿ ಚಹಾದ ಬಣ್ಣ ಆಗುತ್ತಿದೆ. ಹಿಂದೆ ಹತ್ತಿಪ್ಪತ್ತು ಬೆಳ್ಳಕ್ಕಿ ಹುಳ ಹೆಕ್ಕುತ್ತ ಬರುತ್ತಿವೆ. ಅವುಗಳಲ್ಲಿ ಒಂದು, ಯಂತ್ರದ ತೀರ ಹತ್ತಿರ ಹೋಗಿ ಹಾರುತ್ತದೆ. ಕಾಲುವೆಯ ಏರಿಯ ಮೇಲೆ ಜಾಲಿ ಗಿಡಗಳು, ಅವುಗಳ ನೆರಳು ಗದ್ದೆಯಲ್ಲಿ ಅಲುಗಾಡುತ್ತಿದೆ. ಶರಣಮ್ಮ ಹಸಿರು ಸೀರೆ ಉಟ್ಟಿದ್ದಾಳೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ, ಈಗ ಹಿಂದಿರುಗಿ ನೋಡಿದಳು. ಹೇಳುತ್ತ ಹೋದಂತೆ ನನಗೇ ಇನ್ನಷ್ಟು ಕಾಣತೊಡಗಿತು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

ಈಗ ನಿವೃತ್ತನಾಗಿದ್ದೇನೆ. ಆದರೂ ರೈತರು ಫೋನ್ ಮಾಡಿ ನಮ್ಮ ಗಾಡಿಗೆ ಎಷ್ಟು ಅಡಿಯ ರೋಟಾವೇಟರ್ ತರಬೇಕು ಎಂದು ಕೇಳುತ್ತಾರೆ. ಹೆಚ್‌ಪಿ ಎಷ್ಟೆಂದು ನಾನು ಮೊದಲು ಕೇಳುವುದಿಲ್ಲ. ನಿಮ್ಮ ಹೊಲ ಹೇಗಿದೆ, ನೀರು ಎಲ್ಲಿ ನಿಲ್ಲುತ್ತದೆ, ಗಾಡಿ ಯಾರು ಓಡಿಸುತ್ತಾರೆ, ನಿಧಾನಕ್ಕೆ ಹೇಳಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ಹೇಳಲು ತೊಡಗುತ್ತಾರೆ, ಒಮ್ಮೆ ತೊಡಗಿದರೆ ನಿಲ್ಲಿಸುವುದಿಲ್ಲ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಅಗಲ ಎಷ್ಟೆಂಬುದು ಅವರ ಮಾತಿನಲ್ಲೇ ಎಲ್ಲೋ ಇರುತ್ತದೆ.